ಮಕ್ಕಳ ಒಂದು-ಎರಡರ ತೊಂದರೆಗೆ ಫಿಸಿಯೋಥೆರಪಿ: ಯಾವ ಭಾಗಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಏಳು ವರ್ಷದ ಮಗು ಹಗಲಲ್ಲೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ, ಮೂರು ದಿನಕ್ಕೊಮ್ಮೆ ಎರಡಕ್ಕೆ ಹೋಗುತ್ತದೆ, ಆಗಾಗ ಉರಿಮೂತ್ರ. ಮಕ್ಕಳ ಡಾಕ್ಟರು ಪೆಲ್ವಿಕ್ ಫ್ಲೋರ್ (ಮಲ-ಮೂತ್ರ ತಡೆಯುವ, ಬಿಡುವ ಕೆಳಗಿನ ಸ್ನಾಯುಗಳ) ಫಿಸಿಯೋಥೆರಪಿಗೆ ಚೀಟಿ ಬರೆದುಕೊಡುತ್ತಾರೆ. ಇದನ್ನು ಇಷ್ಟು ಸಿಟ್ಟಿಂಗ್ ಎಂದು ಪ್ಯಾಕೇಜ್ ಮಾಡಿ ಕೊಡುವವರಿದ್ದಾರೆ. ಯಾವುದೇ ಕ್ಲಿನಿಕ್ಕಿನ ಹೆಸರು ಹಿಡಿಯದೆ, ಆ ಪ್ಯಾಕೇಜಿನೊಳಗೆ ಇರುವುದನ್ನು ಒಂದೊಂದಾಗಿ ಇಲ್ಲಿ ತೂಗಿದ್ದೇವೆ.

ಮೊದಲ ಭೇಟಿಯಲ್ಲೇ ಸೇವೆಯ ಗುಣ ಗೊತ್ತಾಗಿಬಿಡುತ್ತದೆ. ಒಳ್ಳೆಯವರು ಯಂತ್ರ ಮುಟ್ಟುವ ಮೊದಲು ಡೈರಿ ಕೇಳುತ್ತಾರೆ: ಎರಡು ದಿನ ಪೂರ್ತಿ, ಮಗು ಎಷ್ಟು ಗಂಟೆಗೆ ಎಷ್ಟು ಎಂಎಲ್ ಒಂದಕ್ಕೆ ಹೋಯಿತು, ಎಷ್ಟು ಕುಡಿಯಿತು; ಎರಡು ವಾರ, ಮಲ ಯಾವ ದಿನ ಬಂತು, ಹೇಗಿತ್ತು. ಮನೆಯಲ್ಲಿ ಬೇಕಾಗುವುದು ಗೆರೆ ಇರುವ ಒಂದು ಪ್ಲಾಸ್ಟಿಕ್ ಅಳತೆ ಜಗ್ ಅಷ್ಟೆ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಚೀಲ ಹಿಡಿಯಬೇಕಾದ ಅಂದಾಜು ಪ್ರಮಾಣ ಸಿಗುತ್ತದೆ. ಏಳು ವರ್ಷಕ್ಕೆ 240 ಎಂಎಲ್. ದಿನಕ್ಕೆ ಹನ್ನೆರಡು ಸಲ 60-70 ಎಂಎಲ್ ಹೋಗುವ ಮಗು ಬೇರೆ, ಬೆಳಗ್ಗೆ ಹೋದದ್ದು ಸ್ಕೂಲು ಮುಗಿಸಿ ಬಂದು 350 ಎಂಎಲ್ ಹೋಗುವ ಮಗು ಬೇರೆ. ಇಬ್ಬರದೂ ಚಡ್ಡಿ ಒದ್ದೆಯೇ, ಆದರೆ ಚಿಕಿತ್ಸೆ ಒಂದೇ ಅಲ್ಲ. ಡೈರಿ ಕೇಳದೆ ಮೊದಲ ದಿನವೇ ಎಲೆಕ್ಟ್ರೋಡ್ ಅಂಟಿಸುವ ಕಡೆಗೆ ಎರಡನೇ ಸಲ ಹೋಗಬೇಡಿ.

ಮುಂದಿನ ಪ್ರಶ್ನೆ ಹೊಟ್ಟೆಯದು. ಮಲಾಶಯದಲ್ಲಿ ಗಟ್ಟಿ ಮಲ ತುಂಬಿಕೊಂಡರೆ ಪಕ್ಕದ ಮೂತ್ರಚೀಲವನ್ನು ಒತ್ತುತ್ತದೆ. ಚೀಲ ಅರ್ಧ ತುಂಬುವಷ್ಟರಲ್ಲಿ ಅವಸರ, ಬಿಡುವಾಗ ಪೂರ್ತಿ ಖಾಲಿಯಾಗದು. ಅದಕ್ಕೇ ಮಲಬದ್ಧತೆ ಸರಿಯಾಗುವ ಮುಂಚೆ ಮೂತ್ರಕ್ಕೆ ವ್ಯಾಯಾಮ ಹೇಳಿಕೊಟ್ಟರೆ ದುಡ್ಡು ದಂಡ. ಆಡಿನ ಹಿಕ್ಕೆಯಂತೆ ಉಂಡೆ ಉಂಡೆಯಾಗಿ ಬೀಳುವುದು ಮಲದ ಬಗೆಗಳನ್ನು ತೋರಿಸುವ ಬ್ರಿಸ್ಟಲ್ ಚಾರ್ಟಿನ 1ನೇ ಬಗೆ, ನಯವಾಗಿ ಉದ್ದಕ್ಕೆ ಬರುವುದು 4ನೆಯದು. ಬೇಕಾದದ್ದು ಈ 4ನೇ ಬಗೆ. ಇಲ್ಲಿ ಮನೆಯವರು ಎಡವುವ ಜಾಗ ಒಂದಿದೆ: ಗಟ್ಟಿ ಮಲದ ಸುತ್ತ ತೆಳ್ಳಗೆ ಸೋರಿ ಚಡ್ಡಿಗೆ ಮೆತ್ತಿಕೊಂಡದ್ದನ್ನು ಭೇದಿ ಎಂದುಕೊಂಡು ಡಾಕ್ಟರು ಕೊಟ್ಟ, ಮಲ ಮೆದುಮಾಡುವ ಪಿಇಜಿ ಪುಡಿ ನಿಲ್ಲಿಸಿಬಿಡುತ್ತಾರೆ. ಒಳಗಿನ ಮಲದ ಗಡ್ಡೆ ಹಾಗೇ ಉಳಿಯುತ್ತದೆ. ಹೊಟ್ಟೆ ಒಮ್ಮೆ ಖಾಲಿಯಾದ ಮೇಲೂ ಆ ಪುಡಿ ಕನಿಷ್ಠ ಎರಡು ತಿಂಗಳು ಬೇಕಾಗುತ್ತದೆ. ಹಿಗ್ಗಿದ ಮಲಾಶಯ ಮೊದಲಿನ ಗಾತ್ರಕ್ಕೆ ಬರಲು ಅಷ್ಟು ಹೊತ್ತು ಹಿಡಿಯುತ್ತದೆ. ಅಳತೆ ಹೇಳಬೇಕಾದವರು ಡಾಕ್ಟರು, ಫಿಸಿಯೋ ಅಲ್ಲ.

ಇಡೀ ಸೇವೆಯಲ್ಲಿ ಬೆಲೆ ಕಟ್ಟಲಾಗದ ಭಾಗ ಕೂರುವುದನ್ನು ಕಲಿಸುವುದು. ಕಮೋಡ್ ಮೇಲೆ ಚಿಕ್ಕ ಮಗು ಕೂತರೆ ಕಾಲು ನೇತಾಡುತ್ತದೆ, ಒಳಗೆ ಬಿದ್ದೇನೆಂದು ಕೈಯೂರಿ ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದ ಮೈಯಲ್ಲಿ ಕೆಳಗಿನ ಸ್ನಾಯು ಸಡಿಲವಾಗದು. ಸಣ್ಣ ರಂಧ್ರದ ಮಕ್ಕಳ ಸೀಟು ಹಾಕಿ, ಅಂಗಾಲು ಪೂರ್ತಿ ಊರುವಂತೆ ಮಣೆ ಇಡಿ. ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರಬೇಕು, ತೊಡೆ ಅಗಲವಾಗಿರಬೇಕು, ಮೊಣಕೈ ತೊಡೆಯ ಮೇಲೆ, ಮೈ ಸ್ವಲ್ಪ ಮುಂದಕ್ಕೆ. ಚಡ್ಡಿ ಮೊಣಕಾಲಲ್ಲಿ ಸಿಕ್ಕಿಕೊಂಡರೆ ತೊಡೆ ಅಗಲವಾಗದು, ಪಾದದವರೆಗೆ ಇಳಿಸಿ. ತೊಡೆ ಕೂಡಿಸಿ ಕೂರುವ ಹುಡುಗಿಯರಲ್ಲಿ ಮೂತ್ರ ಯೋನಿಯೊಳಗೆ ನಿಂತು, ಎದ್ದ ಮೇಲೆ ಹನಿಯುತ್ತದೆ; ಇಷ್ಟನ್ನು ತಿದ್ದಿದರೇ ಎಷ್ಟೋ ಸಲ ಆ ಸೋರಿಕೆ ನಿಲ್ಲುತ್ತದೆ. ಇಂಡಿಯನ್ ಟಾಯ್ಲೆಟ್ ಇದ್ದರೆ ಕುಕ್ಕರಗಾಲು ತಾನಾಗಿ ಒದಗುತ್ತದೆ, ಆದರೆ ಹಿಮ್ಮಡಿ ನೆಲಕ್ಕೆ ಮುಟ್ಟಬೇಕು. ತುದಿಗಾಲಲ್ಲಿ ಓಲಾಡುವ ಮಗುವಿಗೆ ಎದುರಿಗೆ ಹಿಡಿಯಲು ಏನಾದರೂ ಗಟ್ಟಿಯಾದದ್ದು ಕೊಡಿ.

ಊಟವಾದ 20-30 ನಿಮಿಷಕ್ಕೆ ಕರುಳು ತಾನೇ ಚುರುಕಾಗುತ್ತದೆ. ಆ ಹೊತ್ತಿಗೆ ಐದರಿಂದ ಹತ್ತು ನಿಮಿಷ ಕೂರಿಸಿ, ಕೈಗೆ ಗಿರಗಿಟ್ಲೆ ಅಥವಾ ಬಲೂನು ಕೊಡಿ. ಊದುವಾಗ ಹೊಟ್ಟೆ ಮುಂದಕ್ಕೆ ಬರಬೇಕು. ಉಸಿರು ಕಟ್ಟಿ ತಿಣುಕಿದರೆ ಗುದದ ಬಾಗಿಲು ಮತ್ತೂ ಬಿಗಿಯುತ್ತದೆ. ಒಂದಕ್ಕೆ ಎರಡು-ಮೂರು ಗಂಟೆಗೊಮ್ಮೆ, ಬರಲಿ ಬರದಿರಲಿ, ಕಳಿಸಿ.

ಯಂತ್ರಗಳಲ್ಲಿ, ಸ್ನಾಯುವಿನ ಬಿಗಿತವನ್ನು ಪರದೆಯ ಮೇಲೆ ತೋರಿಸುವ ಬಯೋಫೀಡ್‌ಬ್ಯಾಕ್‌ಗೆ ನಮ್ಮ ಮೆಚ್ಚುಗೆ ಇದೆ. ಗುದದ ಎರಡೂ ಪಕ್ಕ ಒಂದೊಂದು ಸ್ಟಿಕರ್, ತೊಡೆಗೆ ಒಂದು. ಸ್ನಾಯು ಬಿಗಿದರೆ ಪರದೆಯ ಮೇಲಿನ ಚಿತ್ರ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಬಿಗಿಯುವುದಕ್ಕೂ ಬಿಡುವುದಕ್ಕೂ ವ್ಯತ್ಯಾಸವೇ ತಿಳಿಯದ ಮಗುವಿಗೆ ಅದು ಕಣ್ಣಿಗೆ ಕಾಣುತ್ತದೆ. ಮಕ್ಕಳಿಗೆ ಒಳಗೆ ಪ್ರೋಬ್ ಹಾಕುವ ಅಗತ್ಯ ಇಲ್ಲ. ಹಾಕುತ್ತೇವೆಂದರೆ ಯಾಕೆಂದು ಕೇಳಿ. ಅಪ್ಪನೋ ಅಮ್ಮನೋ ಕೋಣೆಯಲ್ಲಿರಬೇಕು, ಮಗುವಿನ ಒಪ್ಪಿಗೆಯೂ ಬೇಕು.

ಚರ್ಮದ ಮೇಲಿಂದ ಸಣ್ಣಗೆ ವಿದ್ಯುತ್ ಹಾಯಿಸುವ ಟೆನ್ಸ್ ಯಂತ್ರದ ಮಾತು ಬೇರೆ. ಬೆನ್ನಿನ ಬುಡದ ಮೂಳೆಯ ಎರಡೂ ಬದಿಗೆ ಪ್ಯಾಡ್ ಇಟ್ಟು, 10 ಹರ್ಟ್ಜ್‌ನಲ್ಲಿ 20 ನಿಮಿಷ, ಚುಮುಚುಮು ಅನ್ನಿಸುವಷ್ಟು, ನೋವಾಗದಷ್ಟು. ತಡೆಯಲಾರದ ಅವಸರ ಇರುವ ಮಕ್ಕಳಿಗೆ ಇದು ಒದಗುತ್ತದೆ. ಒಂದಕ್ಕೆ ಹೋಗುವಾಗ ಸ್ನಾಯು ಬಿಗಿಹಿಡಿದು ತಡೆತಡೆದು ಬಿಡುವ ಮಗುವಿಗೆ ಇದೊಂದರಿಂದಲೇ ಗುಣವಾಗದು. ಎಲ್ಲರಿಗೂ ಟೆನ್ಸ್ ಹಚ್ಚುವ ಪ್ಯಾಕೇಜ್ ಕೊಳ್ಳಬೇಡಿ.

ನಮ್ಮ ಗಟ್ಟಿ ತಕರಾರು ಕೀಗೆಲ್ ವ್ಯಾಯಾಮದ ಮೇಲೆ, ಅಂದರೆ ಕೆಳಗಿನ ಸ್ನಾಯುವನ್ನು ಮತ್ತೆ ಮತ್ತೆ ಬಿಗಿ ಹಿಡಿದು ಬಿಡುವುದರ ಮೇಲೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗೆಲ್ 1948ರಲ್ಲಿ ಅದನ್ನು ಬರೆದದ್ದು ಹೆರಿಗೆಯಾಗಿ ಸ್ನಾಯು ಸಡಿಲಾದ ಹೆಂಗಸರಿಗಾಗಿ. ತಡೆದು ತಡೆದು ಬಿಗಿಯಾದ ಮಗುವಿಗೆ "ದಿನಕ್ಕೆ ಐವತ್ತು ಸಲ ಬಿಗಿ ಹಿಡಿ" ಅಂದರೆ ರೋಗವನ್ನೇ ಅಭ್ಯಾಸ ಮಾಡಿಸಿದಂತೆ. ಹಿಮ್ಮಡಿಯ ಮೇಲೆ ಕೂತು ತಡೆಯುವ, ಕಾಲಿಗೆ ಕಾಲು ಹೆಣೆದು ನಿಲ್ಲುವ ಮಗು ಈಗಾಗಲೇ ಬಿಗಿ ಹಿಡಿಯುವುದರಲ್ಲಿ ಪಳಗಿದೆ. ಅದು ಕಲಿಯಬೇಕಾದದ್ದು ಬಿಡುವುದನ್ನು.

ಮಗು ಹಗಲು-ರಾತ್ರಿ ಎಡೆಬಿಡದೆ ಹನಿಯುತ್ತಿದ್ದರೆ, ಬೆನ್ನಿನ ಬುಡದಲ್ಲಿ ಕೂದಲ ಗೊಂಚಲೋ ಗುಳಿಯೋ ಇದ್ದರೆ, ಕಾಲು ಸೋಲುತ್ತಿದ್ದರೆ, ಹುಟ್ಟಿದ ತಿಂಗಳಿಂದಲೇ ಮಲಬದ್ಧತೆ ಇದ್ದರೆ ಫಿಸಿಯೋಗೆ ಮುಂಚೆ ತಜ್ಞ ವೈದ್ಯರು ನೋಡಬೇಕು. ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ತೊಂದರೆ) ಇರುವ ಮಗುವಿನ ಕ್ಯಾತೆಟರನ್ನು (ಮೂತ್ರ ಹೊರತೆಗೆಯುವ ನಳಿಕೆ) ವ್ಯಾಯಾಮದ ನೆಪದಲ್ಲಿ ಯಾರೂ ನಿಲ್ಲಿಸಬಾರದು.

ಪ್ಯಾಕೇಜ್ ಮುಗಿಯುವಾಗ ಎರಡು ಕೇಳಿ ಪಡೆಯಿರಿ. ಒಂದು, ಸ್ಕೂಲಿಗೆ ಪತ್ರ: ಕೇಳಿದಾಗಲೆಲ್ಲ ಟಾಯ್ಲೆಟ್ಟಿಗೆ ಬಿಡಬೇಕು, ನೀರಿನ ಬಾಟಲಿ ಬೆಂಚಿನ ಮೇಲಿರಬೇಕು. ಇನ್ನೊಂದು, ಯೂರೋಫ್ಲೋ (ಮೂತ್ರ ಹರಿಯುವ ವೇಗವನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ಮತ್ತು ಮೂತ್ರ ಬಿಟ್ಟ ಮೇಲೆ ಒಳಗುಳಿದದ್ದರ ಸ್ಕ್ಯಾನ್ ಮತ್ತೊಮ್ಮೆ. ಮೊದಲು ಹಲ್ಲುಹಲ್ಲಾಗಿದ್ದ ಗೆರೆ ಈಗ ಗಂಟೆಯ ಆಕಾರಕ್ಕೆ ಬಂದಿದೆಯೇ ಎಂದು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ.