ಡಾಟ್‌ನೆಟ್ 8, ನಾಲ್ಕು ಲಿನಕ್ಸ್, ಬ್ಯಾಡಗಿಯ ಆರು ದಲಾಲಿ ಅಂಗಡಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಆರು ದಲಾಲಿ ಅಂಗಡಿಗಳಲ್ಲಿ ಪಟ್ಟಿ ತೆಗೆಯುವ ತಂತ್ರಾಂಶ ನನ್ನದು. ಲಾಟ್ ನಂಬರು, ಮೆಣಸಿನಕಾಯಿಯ ತಳಿ ಡಬ್ಬಿಯೋ ಕಡ್ಡಿಯೋ, ಎಷ್ಟು ಚೀಲ, ಎಷ್ಟು ತೂಕ, ಹಮಾಲಿ ಕಳೆದು ರೈತರ ಕೈಗೆ ಎಷ್ಟು, ಇಷ್ಟೇ ಅದರ ಕೆಲಸ. ಸಿ ಶಾರ್ಪ್ ಭಾಷೆಯಲ್ಲಿ ಬರೆದದ್ದು, ಅದು ಓಡಲು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಎಂಬ ಅಡಿಪಾಯ ತಂತ್ರಾಂಶ ಬೇಕು. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಬೆಂಬಲ ನಿಂತಿತು. ಅಂಗಡಿಗಳಲ್ಲಿರುವುದು 11ಕ್ಕೆ ಒಗ್ಗದ ಹಳೇ ಯಂತ್ರಗಳು. ಕೆಲಸ ಮಾಡುತ್ತಿರುವ ಕಂಪ್ಯೂಟರನ್ನು ಎಸೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಒಂದೊಂದನ್ನಾಗಿ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್‌ಗೆ ತಂದೆ; ಉಬುಂಟು, ಫೆಡೋರಾ, ಡೆಬಿಯನ್, ಆಲ್ಪೈನ್ ಎಲ್ಲ ಅದರ ಬಗೆಗಳು. ಪರದೆ ಕಟ್ಟಲು ಬಳಸಿದ್ದ ವಿಂಡೋಸ್ ಫಾರ್ಮ್ಸ್ ಲಿನಕ್ಸ್‌ನಲ್ಲಿ ಓಡುವುದಿಲ್ಲ, ಹಾಗಾಗಿ ಪರದೆಯ ಭಾಗವನ್ನೆಲ್ಲ ಬ್ರೌಸರಿಗೆ ಮತ್ತೆ ಬರೆಯಬೇಕಾಯಿತು. ಅದು ಬೇರೆಯೇ ಕಥೆ. ಇಲ್ಲಿ ಹೇಳುವುದು ಡಾಟ್‌ನೆಟ್ 8 ಇನ್‌ಸ್ಟಾಲ್ ಮಾಡಿದ ಅನುಭವ ಮಾತ್ರ.

ಉಬುಂಟು 24.04ರಲ್ಲಿ ಕೆಲಸ ಹೂವು ಎತ್ತಿದಷ್ಟು ಹಗುರ. 'ಸುಡೊ ಆಪ್ಟ್ ಇನ್‌ಸ್ಟಾಲ್ ಡಾಟ್‌ನೆಟ್-ಎಸ್‌ಡಿಕೆ-8.0' ಎಂದು ಆದೇಶ ಕೊಟ್ಟರೆ ಡಾಟ್‌ನೆಟ್‌ನ ಎಸ್‌ಡಿಕೆ (ಪ್ರೋಗ್ರಾಂ ಕಟ್ಟುವ, ಓಡಿಸುವ ಸಲಕರಣೆಗಳ ಕಟ್ಟು) ಉಬುಂಟುವಿನ ಸ್ವಂತ ಭಂಡಾರದಿಂದಲೇ, ಅಂದರೆ ತಂತ್ರಾಂಶಗಳನ್ನಿಟ್ಟ ಆನ್‌ಲೈನ್ ಉಗ್ರಾಣದಿಂದಲೇ, ಬರುತ್ತದೆ. ಫೆಡೋರಾದಲ್ಲೂ ಹಾಗೆಯೇ, ಇನ್‌ಸ್ಟಾಲ್ ಮಾಡುವ ಆದೇಶ ಆಪ್ಟ್ ಬದಲು ಡಿಎನ್‌ಎಫ್ ಅಷ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಫೆಡೋರಾ, ನನಗೆ ಅದೇ ಇಷ್ಟ. ಆದರೆ ಅದರ ಒಂದು ಆವೃತ್ತಿಗೆ ಹೆಚ್ಚುಕಡಿಮೆ 13 ತಿಂಗಳಷ್ಟೇ ಬೆಂಬಲ. ವರ್ಷಕ್ಕೊಮ್ಮೆ ಆರು ಅಂಗಡಿ ಸುತ್ತುವುದು ನನ್ನಿಂದಾಗದು. ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿಗೆ ಐದು ವರ್ಷ ಇದೆ, ಅಂಗಡಿಗೆ ಅದೇ ಸರಿ.

ಪೆಟ್ಟು ತಿಂದದ್ದು ಉಬುಂಟು 22.04 ಇದ್ದ ಅಂಗಡಿಯಲ್ಲಿ. ಉಬುಂಟು ಭಂಡಾರದಿಂದ ಡಾಟ್‌ನೆಟ್ ಹಾಕಿ, ಆಮೇಲೆ ಇನ್ನೇನೋ ಬೇಕೆಂದು ಮೈಕ್ರೋಸಾಫ್ಟ್ ಭಂಡಾರವನ್ನೂ ಸೇರಿಸಿ ಬಂದಿದ್ದೆ. ಮುಂದಿನ ಅಪ್‌ಗ್ರೇಡ್‌ನಲ್ಲಿ ಅರ್ಧ ಪ್ಯಾಕೇಜು ಅಲ್ಲಿಂದ, ಅರ್ಧ ಇಲ್ಲಿಂದ ಬಂದು ಕೂತವು. ಟೆಂಡರ್ ದಿನ ಬೆಳಗ್ಗೆ ಗುಮಾಸ್ತರ ಫೋನು: "ಅಕ್ಕಾರ, ಪಟ್ಟಿ ಬರವಲ್ದು. ರೈತ್ರು ಸಾಲಾಗಿ ನಿಂತಾರ." ಹಾವೇರಿಯಿಂದ ಹೋಗಿ ನೋಡಿದರೆ, ಪರದೆಯ ಮೇಲೆ 'ಫೇಟಲ್ ಎರರ್', ಕೆಳಗೆ '/ಯುಎಸ್‌ಆರ್/ಶೇರ್/ಡಾಟ್‌ನೆಟ್' ಒಳಗಿನ ಒಂದು ಫೋಲ್ಡರ್ ಇಲ್ಲ ಎಂಬ ಸಾಲು. ಫೈಲುಗಳೇನೋ ಇದ್ದವು, ಆದರೆ '/ಯುಎಸ್‌ಆರ್/ಲಿಬ್/ಡಾಟ್‌ನೆಟ್' ಒಳಗೆ. ಮೈಕ್ರೋಸಾಫ್ಟ್ ಪ್ಯಾಕೇಜು ಮೊದಲಿನ ಜಾಗದಲ್ಲಿ ಕೂರುತ್ತದೆ, ಉಬುಂಟುವಿನದು ಎರಡನೆಯದರಲ್ಲಿ. ಎರಡೂ ಒಳ್ಳೆಯವೇ, ಕಲಸಬಾರದು. ಡಾಟ್‌ನೆಟ್, ಎಎಸ್‌ಪಿನೆಟ್ (ಡಾಟ್‌ನೆಟ್‌ನ ವೆಬ್ ಭಾಗ) ಎಂದು ಶುರುವಾಗುವ ಎಲ್ಲ ಪ್ಯಾಕೇಜುಗಳನ್ನೂ ತೆಗೆದೆ. ಆಪ್ಟ್‌ನ ಪ್ರಿಫರೆನ್ಸಸ್ ಫೈಲಿನಲ್ಲಿ ಮೈಕ್ರೋಸಾಫ್ಟ್ ಭಂಡಾರದ ಡಾಟ್‌ನೆಟ್ ಬೇಡವೆಂದು ಬರೆದು, ಹೊಸದಾಗಿ ಹಾಕಿದೆ. ಅಷ್ಟರಲ್ಲಿ ಗುಮಾಸ್ತರು ನಲವತ್ತು ಪಟ್ಟಿ ಕೈಯಲ್ಲೇ ಬರೆದಿದ್ದರು.

ಡೆಬಿಯನ್ 12ರ ಭಂಡಾರದಲ್ಲಿ ಡಾಟ್‌ನೆಟ್ ಇಲ್ಲ. ಅಲ್ಲಿ ಮೈಕ್ರೋಸಾಫ್ಟ್ ಭಂಡಾರ ಸೇರಿಸಿಕೊಳ್ಳಬೇಕು, ಇಲ್ಲವೇ ಟಾರ್ ಫೈಲು (ಎಲ್ಲ ಫೈಲುಗಳನ್ನು ಒಟ್ಟಿಗೆ ಕಟ್ಟಿದ ಗಂಟು) ತಂದು ಬಿಚ್ಚಬೇಕು. ಎಸ್‌ಡಿಕೆ 200 ಎಂಬಿಗಿಂತ ದೊಡ್ಡದು, ಆ ಅಂಗಡಿಯಲ್ಲಿ ಇದ್ದದ್ದು ಮೊಬೈಲ್ ಇಂಟರ್ನೆಟ್ ಮಾತ್ರ. ಮನೆಯಲ್ಲೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಬಿಚ್ಚಿ, ಡಾಟ್‌ನೆಟ್ ಎಲ್ಲಿದೆ ಎಂದು ತಿಳಿಸುವ 'ಡಾಟ್‌ನೆಟ್ ರೂಟ್' ಮತ್ತು 'ಪಾತ್' ಎರಡನ್ನೂ ಬ್ಯಾಶ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಬರೆದೆ. ಓಡಿಸಿದರೆ ಐಸಿಯು (ಬೇರೆಬೇರೆ ಭಾಷೆಗಳ ಮಾಹಿತಿ ಇರುವ) ಪ್ಯಾಕೇಜ್ ಸಿಗಲಿಲ್ಲ ಎಂದು ನಿಂತಿತು. ಆ ಸಂದೇಶವೇ ಒಂದು ಸುಲಭದ ದಾರಿಯನ್ನೂ ತೋರಿಸುತ್ತದೆ: 'ಇನ್‌ವೇರಿಯಂಟ್' ಎಂಬ ಸೆಟ್ಟಿಂಗನ್ನು ಟ್ರೂ ಮಾಡಿ, ಐಸಿಯು ಇಲ್ಲದೆಯೂ ಓಡುತ್ತದೆ ಎಂದು. ಕನ್ನಡದಲ್ಲಿ ಕೆಲಸ ಮಾಡುವವರು ದಯವಿಟ್ಟು ಆ ದಾರಿ ಹಿಡಿಯಬೇಡಿ. ವಾರ, ತಿಂಗಳುಗಳ ಕನ್ನಡ ಹೆಸರುಗಳೆಲ್ಲ ಇರುವುದು ಆ ಐಸಿಯುನಲ್ಲೇ. ಅದನ್ನು ಬಿಟ್ಟರೆ 'ಕೆಎನ್-ಐಎನ್' (ಭಾರತದ ಕನ್ನಡ) ಕೇಳಿದ ತಕ್ಷಣ ಪ್ರೋಗ್ರಾಂ ಎರರ್ ಎಸೆಯುತ್ತದೆ. ಲಿಬ್‌ಐಸಿಯು ಹಾಕಲು ಒಂದು ನಿಮಿಷ ಸಾಕು. ಉಬುಂಟು ಪ್ಯಾಕೇಜು ಅದನ್ನು ತಾನೇ ಎಳೆದುಕೊಳ್ಳುತ್ತದೆ, ಟಾರ್ ಫೈಲಿಗೆ ಆ ಅನುಕೂಲ ಇಲ್ಲ.

ಮನೆಯ ಪುಟ್ಟ ಸರ್ವರಿನಲ್ಲಿ ಆಲ್ಪೈನ್ ಕಂಟೇನರನ್ನೂ (ಪ್ರೋಗ್ರಾಂ, ಅದಕ್ಕೆ ಬೇಕಾದ್ದೆಲ್ಲ ಒಟ್ಟಿಗೆ ಇರುವ ಪೆಟ್ಟಿಗೆಯಂಥದ್ದು) ನೋಡಿದೆ. ಗಾತ್ರ ಚಿಕ್ಕದು, ಬೇಗ ಏಳುತ್ತದೆ. ಆದರೆ ಆ ಕಂಟೇನರಿನ ಸಿದ್ಧ ಅಚ್ಚಾದ ಇಮೇಜಿನಲ್ಲಿ ಇನ್‌ವೇರಿಯಂಟ್ ಮೊದಲೇ ಆನ್ ಆಗಿರುತ್ತದೆ, ಅದನ್ನು ಫಾಲ್ಸ್ ಮಾಡಬೇಕು. 'ಐಸಿಯು-ಲಿಬ್ಸ್' ಒಂದೇ ಸಾಲದು, 'ಐಸಿಯು-ಡೇಟಾ-ಫುಲ್' ಕೂಡ ಬೇಕು, ಏಕೆಂದರೆ ಅದಿಲ್ಲದೆ ಇಂಗ್ಲಿಷ್ ಮಾಹಿತಿ ಮಾತ್ರ ಬರುತ್ತದೆ. ಇಷ್ಟು ಮಾಡಿ ಬೆಳಗ್ಗೆ 10.30ಕ್ಕೆ ಒಂದು ಪಟ್ಟಿ ತೆಗೆದರೆ ಅದರ ಮೇಲೆ 'ಗುರುವಾರ' ಎಂದು ಚೆಂದವಾಗಿ ಬಂದಿತ್ತು, ಪಕ್ಕದಲ್ಲಿ ಸಮಯ 5.00! ಟಿಜೆಡ್‌ಡೇಟಾ (ಕಾಲವಲಯಗಳ ಮಾಹಿತಿ) ಇಲ್ಲದ್ದರಿಂದ ಗಡಿಯಾರ ಐದೂವರೆ ತಾಸು ಹಿಂದಿತ್ತು. ಅದನ್ನೂ ಹಾಕಿ 'ಏಷ್ಯಾ/ಕೋಲ್ಕತಾ' ಎಂದು ಬರೆದ ಮೇಲೆ ಸರಿಯಾಯಿತು. ಅಂಗಡಿಯವರಿಗೆ ಇದನ್ನು ಕೊಡುವುದಿಲ್ಲ, ಕಲಿಯುವವರು ಮಾತ್ರ ಮಾಡಿ ನೋಡಿ.

ನನ್ನ ಅಂಕ: ಉಬುಂಟು 24.04ಕ್ಕೆ ಐದಕ್ಕೆ ಐದು, ಫೆಡೋರಾಕ್ಕೆ ನಾಲ್ಕೂವರೆ, ಡೆಬಿಯನ್‌ಗೆ ಮೂರೂವರೆ, ಆಲ್ಪೈನ್‌ಗೆ ಮೂರು. ಡಾಟ್‌ನೆಟ್ 8 ಬಂದದ್ದು 2023ರ ನವೆಂಬರ್‌ನಲ್ಲಿ, ಮೂರು ವರ್ಷದ ಬೆಂಬಲ 2026ರ ನವೆಂಬರ್‌ಗೆ ಮುಗಿಯುತ್ತದೆ. ಅದಕ್ಕೆ ಮೊದಲು ಆರೂ ಅಂಗಡಿಗಳನ್ನು ಡಾಟ್‌ನೆಟ್ 10ಕ್ಕೆ ಒಯ್ಯಬೇಕು. ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆಯೇ ಕೈ ಹಾಕುತ್ತೇನೆ, ಅದೂ ಟೆಂಡರ್ ಇಲ್ಲದ ದಿನ ನೋಡಿಕೊಂಡು.