ಡೆನಾನ್ ಡಿಎಲ್-103, ಮೂರು ಫೋನೋ ಡಬ್ಬಿ, ನಾಲ್ಕು ವರ್ಷ

ಡಿಎಲ್-103 ಅಂದರೆ ಎಲ್‌ಪಿ ರೆಕಾರ್ಡ್ ಓದುವ ಸೂಜಿ ಇರೋ ಕಾರ್ಟ್ರಿಜ್. ಅದರ ಸಣ್ಣ ಸಿಗ್ನಲ್ಲನ್ನು ಆಂಪ್‌ಗೆ ಸಾಕಾಗುವಷ್ಟು ದೊಡ್ಡದು ಮಾಡೋ ಫೋನೋ ಡಬ್ಬಿ ಹುಡುಕಿದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ನನ್ನ ಮನೆಯಲ್ಲಿ ಉಳಿದುಕೊಂಡ ಡಬ್ಬಿಗೆ ಕರೆಂಟೇ ಬೇಡ. ಅಡಾಪ್ಟರ್ ಇಲ್ಲ, ಮಿಣುಕುವ ಲೈಟ್ ಇಲ್ಲ. ಡೆನಾನ್ ಎಯು-300ಎಲ್‌ಸಿ ಅನ್ನೋ ಹಳೇ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್, ಅಂದರೆ ವೋಲ್ಟೇಜ್ ಏರಿಸೋ ತಂತಿ ಸುರುಳಿ, ಅದು. ಅದರ ಮುಂದಿನ ಕೆಲಸ ನನ್ನ ಆಂಪ್‌ನಲ್ಲೇ ಇರುವ ಮಾಮೂಲಿ ಎಂಎಂ (ಮೂವಿಂಗ್ ಮ್ಯಾಗ್ನೆಟ್ ಅನ್ನೋ ಸಾಮಾನ್ಯ ಜಾತಿಯ ಕಾರ್ಟ್ರಿಜ್‌ಗಾಗಿ ಇರೋದು) ಫೋನೋದ್ದು. ಇಷ್ಟಕ್ಕೆ ಬಂದು ನಿಲ್ಲೋದಕ್ಕೆ ನಾಲ್ಕು ವರ್ಷ, ಎರಡು ಬೇರೆ ಡಬ್ಬಿ ಮತ್ತು ಒಂದು ಸುಟ್ಟ ಅಡಾಪ್ಟರ್ ಬೇಕಾಯಿತು. ಅವೆರಡರ ಹೆಸರು ಇಲ್ಲಿ ಹೇಳುವುದಿಲ್ಲ, ಯಾಕಂದ್ರೆ ಅರ್ಧ ತಪ್ಪು ನನ್ನದೇ.

2021ರಲ್ಲಿ ಸೆಕೆಂಡ್ ಹ್ಯಾಂಡ್ ಟೆಕ್ನಿಕ್ಸ್ ಎಸ್ಎಲ್-1200 ತಗೊಂಡೆ. ಅದರ ಹಿಂದೆಯೇ ಡಿಎಲ್-103 ಕೂಡ ಬಂತು. ಜಪಾನಿನ ಎನ್‌ಎಚ್‌ಕೆ ರೇಡಿಯೋಗಾಗಿ 1960ರ ದಶಕದಲ್ಲಿ ರೂಪಿಸಿದ ಕಾರ್ಟ್ರಿಜ್ ಇದು, ಇವತ್ತಿಗೂ ತಯಾರಾಗುತ್ತಿದೆ. ಗುಂಡು ತುದಿಯ ಸೂಜಿ, 2.5 ಗ್ರಾಂ ಭಾರ. ನಮ್ಮ ಹಳೇ ಎಲ್‌ಪಿಗಳಿಗೆ, ಅದೂ ಯಾರ್ಯಾರದೋ ಮನೆಯಲ್ಲಿ ಸವೆದು ಬಂದವಕ್ಕೆ, ಈ ಗುಂಡು ತುದಿ ಚೆನ್ನಾಗಿ ಹೊಂದುತ್ತದೆ. ಇದು ನನ್ನ ಅನುಭವ, ವಾದಕ್ಕೆ ಬರಬೇಡಿ. ಗಾಯಕರ ಕಂಠ, ವೀಣೆಯ ತಂತಿ, ತಬಲಾದ ಬಾಯಾ ಎಲ್ಲ ಮೈತುಂಬಿಕೊಂಡು ಬರುತ್ತವೆ.

ತೊಂದರೆ ಒಂದೇ. ಇದು ಹೊರಗೆ ಕೊಡೋದು ಬರೀ 0.3 ಮಿಲಿವೋಲ್ಟ್. ಮಾಮೂಲಿ ಎಂಎಂ ಕಾರ್ಟ್ರಿಜ್ ಸುಮಾರು 5 ಮಿಲಿವೋಲ್ಟ್ ಕೊಡುತ್ತದೆ. ಸಿಡಿ ಪ್ಲೇಯರ್ 2 ವೋಲ್ಟ್, ಅಂದರೆ 2000 ಮಿಲಿವೋಲ್ಟ್. ಡಿಎಲ್-103 ಗುಟ್ಟು ಹೇಳೋ ಥರ ಪಿಸುಗುಡುತ್ತದೆ, ಆ ಪಿಸುಮಾತನ್ನು ಇಡೀ ಹಾಲ್‌ಗೆ ಕೇಳಿಸೋ ಹಾಗೆ ಮಾಡೋದು ಫೋನೋ ಪ್ರೀಆಂಪ್ ಕೆಲಸ.

ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿದ್ದೂ ಅಸಡ್ಡೆ ಮಾಡಿದೆ. ಮನೆಯಲ್ಲಿ ಮೂರೂವರೆ ಸಾವಿರ ಕೊಟ್ಟು ತಂದಿದ್ದ ಎಂಎಂ ಡಬ್ಬಿ ಇತ್ತು, 40 ಡಿಬಿ (ಡೆಸಿಬಲ್) ಗೇನಿನದ್ದು. ಗೇನ್ ಅಂದರೆ ಸಿಗ್ನಲ್ಲನ್ನು ಎಷ್ಟು ದೊಡ್ಡದು ಮಾಡುತ್ತದೆ ಅನ್ನೋದು. 20 ಡಿಬಿಗೆ ಹತ್ತು ಪಟ್ಟು, 40ಕ್ಕೆ ನೂರು ಪಟ್ಟು, 60ಕ್ಕೆ ಸಾವಿರ ಪಟ್ಟು, ಲೆಕ್ಕ ಇಷ್ಟೇ. ನನ್ನ ಡಬ್ಬಿಯಿಂದ ಹೊರಗೆ ಬರ್ತಿದ್ದದ್ದು 30 ಮಿಲಿವೋಲ್ಟ್. ವಾಲ್ಯೂಮ್ ಗುಂಡಿಯನ್ನು ಕೊನೆವರೆಗೆ ತಿರುಗಿಸಿದರೂ ಪಕ್ಕದ ರೂಮಿನ ರೇಡಿಯೋದಷ್ಟೇ ಸದ್ದು, ಜೊತೆಗೆ ಸುಯ್ ಅಂತ ಹಿಸ್. ಒಂದು ಸಂಜೆ ಹೀಗೆ ಕೇಳಿ ಮುಗಿಸಿ, ಗುಂಡಿ ಇಳಿಸೋದು ಮರೆತು ಟಿವಿ ಇನ್‌ಪುಟ್‌ಗೆ ಹಾಕಿದೆ. ಅಮ್ಮನ ಕೈಯಲ್ಲಿದ್ದ ಕಾಫಿ ಲೋಟ ಅರ್ಧ ಸೀರೆಗೆ, ಅರ್ಧ ನೆಲಕ್ಕೆ. ಸ್ಪೀಕರ್ ಉಳಿದದ್ದು ನನ್ನ ಪುಣ್ಯ. ಮಾರನೇ ದಿನವೇ ಎಂಸಿ, ಅಂದರೆ ಡಿಎಲ್-103ರಂಥ ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗೆ ಆಗುವ ಪ್ರೀಆಂಪ್ ಹುಡುಕೋಕೆ ಶುರು ಮಾಡಿದೆ.

ಎರಡನೇ ಡಬ್ಬಿಯನ್ನು ನ್ಯೂಜೆರ್ಸಿಯಿಂದ ಬರೋವಾಗ ಅಕ್ಕ ತಂದುಕೊಟ್ಟಳು. ಚೆಂದದ ಪುಟ್ಟ ಲೋಹದ ಡಬ್ಬಿ, 60 ಡಿಬಿವರೆಗೆ ಗೇನ್, ಲೋಡ್ (ಕಾರ್ಟ್ರಿಜ್‌ಗೆ ಡಬ್ಬಿ ಒಡ್ಡುವ ರೋಧ) ಬದಲಾಯಿಸೋಕೆ ತಳದಲ್ಲಿ ಸಣ್ಣ ಸಣ್ಣ ಸ್ವಿಚ್. "ವೋಲ್ಟೇಜ್ ನೋಡ್ಕೊಳ್ಳೋ" ಅಂತ ಅವಳು ಹೇಳಿದ್ದಳು. ನಾನು ನೋಡಿದ್ದು ಪಿನ್ ಮಾತ್ರ. ಚಪ್ಪಟೆ ಪಿನ್ನಿಗೆ ಕನ್ವರ್ಷನ್ ಪ್ಲಗ್ ಸಿಕ್ಕಿಸಿ ಚುಚ್ಚಿದೆ. ಆ ಪ್ಲಗ್ ಪಿನ್ನಿನ ಆಕಾರ ಬದಲಾಯಿಸುತ್ತದೆಯೇ ಹೊರತು ವೋಲ್ಟೇಜ್ ಅಲ್ಲ. 120 ವೋಲ್ಟಿನ ಅಡಾಪ್ಟರ್ 230 ವೋಲ್ಟ್ ನುಂಗಿ, ಎರಡು ನಿಮಿಷ ಗುಂಯ್ ಅಂದು, ಸುಟ್ಟ ವಾರ್ನಿಷ್ ವಾಸನೆ ಬಿಟ್ಟು ಸುಮ್ಮನಾಯಿತು. ಅಕ್ಕ ಸೋಫಾದಲ್ಲಿ ಜೆಟ್‌ಲ್ಯಾಗ್ ನಿದ್ದೆಯಲ್ಲಿದ್ದವಳು ಕಣ್ಣು ಬಿಡದೆಯೇ "ಸುಟ್ಯಾ?" ಅಂದಳು.

ಪುಣ್ಯಕ್ಕೆ ಡಬ್ಬಿಗೆ ಏನೂ ಆಗಿರಲಿಲ್ಲ. ಆದರೆ ಅದಕ್ಕೆ ಬೇಕಿದ್ದದ್ದು 16 ವೋಲ್ಟ್ ಎಸಿ. ಗಮನಿಸಿ, ಡಿಸಿ ಅಲ್ಲ, ಎಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿಯವರು ಮಾತು ಮುಗಿಯೋ ಮೊದಲೇ ಡಿಸಿ ಅಡಾಪ್ಟರ್ ತೆಗೆದು ಕೈಗಿಟ್ಟರು. ನಾಲ್ಕನೇ ಅಂಗಡಿಯ ವಯಸ್ಸಾದವರೊಬ್ಬರು ಕನ್ನಡಕ ಮೇಲೆತ್ತಿ ಸುಟ್ಟ ಅಡಾಪ್ಟರಿನ ಲೇಬಲ್ ಓದಿ, "ಇದು ರೆಡಿ ಸಿಗಲ್ಲ ಸ್ವಾಮಿ, ಸುತ್ತಿಸಬೇಕು" ಅಂದರು. ವಾರ ಬಿಟ್ಟು ಹೋದರೆ ಇಟ್ಟಿಗೆಯಷ್ಟು ತೂಕದ ಟ್ರಾನ್ಸ್‌ಫಾರ್ಮರ್ ಸಿದ್ಧವಾಗಿತ್ತು, ಕಬ್ಬಿಣದ ಪೆಟ್ಟಿಗೆಯೊಳಗೆ, ಫ್ಯೂಸ್ ಸಮೇತ. ಹೊರದೇಶದಿಂದ ಪ್ರೀಆಂಪ್ ತರಿಸೋರು ಸ್ಪೆಸಿಫಿಕೇಷನ್ ಓದೋಕೆ ಮುಂಚೆ ಅಡಾಪ್ಟರಿನ ಲೇಬಲ್ ಓದಿ.

ಆ ಡಬ್ಬಿ ಎರಡು ವರ್ಷ ಓಡಿತು. ಸದ್ದು ಸಾಕಷ್ಟಿತ್ತು. ಮೊದಲ ವಾರ ಮಾತ್ರ ಸಕಾರಗಳು ಕಿವಿಗೆ ಚುಚ್ಚುತ್ತಿದ್ದವು, ತಾಳದ ಸದ್ದು ತಗಡು ಬಡಿದ ಹಾಗಿತ್ತು. ತಿರುಗಿಸಿ ನೋಡಿದರೆ ಲೋಡ್ ಸ್ವಿಚ್ 47 ಕಿಲೋಓಮ್‌ನಲ್ಲೇ ಇದೆ. ಅದು ಎಂಎಂಗೆ. ಡಿಎಲ್-103ರ ಒಳಗಿನ ಸುರುಳಿಯ ರೋಧ 40 ಓಮ್, ಅದಕ್ಕೆ 100 ಓಮ್ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಲೋಡ್ ಕೊಡೋದು ರೂಢಿ. 100ಕ್ಕೆ ಹಾಕಿದ ಮೇಲೆ ಮೇಲಿನ ಸ್ವರಗಳು ತಣ್ಣಗಾದವು. ಆದರೆ ಸದ್ದೂ ಒಂದಿಷ್ಟು ಇಳಿಯಿತು. 40 ಓಮ್ ಸುರುಳಿಗೆ 100 ಓಮ್ ಲೋಡ್ ಕಟ್ಟಿದರೆ ಸುಮಾರು 3 ಡಿಬಿ ಅಲ್ಲೇ ಸೋರಿಹೋಗುತ್ತದೆ. 400 ಓಮ್ ಆದರೆ 1 ಡಿಬಿಗಿಂತ ಕಡಿಮೆ. ಗೇನ್ ಲೆಕ್ಕ ಹಾಕುವವರು ಇದನ್ನು ಸೇರಿಸಿಕೊಳ್ಳೋದೇ ಇಲ್ಲ, ಆಮೇಲೆ 60 ಡಿಬಿ ಇದ್ದರೂ ಸಾಲ್ತಿಲ್ಲ ಅಂತಾರೆ.

ಇನ್ನು ಹಮ್, ಅಂದರೆ ಕರೆಂಟಿನಿಂದ ನುಸುಳುವ ಗುಂಯ್ ಸದ್ದಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಲೋ-ಔಟ್‌ಪುಟ್ ಕಾರ್ಟ್ರಿಜ್‌ನಲ್ಲಿ ನಿಜವಾದ ತಲೆನೋವು ಗೇನ್ ಅಲ್ಲ, ಇದು.

ಅಮ್ಮ ಚಿಕ್ಕಂದಿನಲ್ಲಿ ವೀಣೆ ಕಲಿತವರು. ಒಂದು ಭಾನುವಾರ ಬೆಳಿಗ್ಗೆ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಎಲ್‌ಪಿ ಹಾಕಿದ್ದೆ. ಅಮ್ಮ ಬೀನ್ಸ್ ಬಿಡಿಸ್ತಾ ಕೂತಿದ್ದರು. ಆಲಾಪನೆ ಶುರುವಾಗಿ ಒಂದು ನಿಮಿಷ ಆಗಿರಬೇಕು, ಕೈ ನಿಲ್ಲಿಸಿ ಕೇಳಿದರು: "ಏನೋ ಇದು, ವೀಣೆ ಒಂದು ಶ್ರುತಿ, ಹಿಂದೆ ಇನ್ಯಾರೋ ಬೇರೆ ಶ್ರುತಿಪೆಟ್ಟಿಗೆ ಬಿಟ್ಕೊಂಡು ಕೂತಿದಾರಲ್ಲೋ?"

ನನಗೆ ಅದುವರೆಗೆ ಕೇಳಿಸಿರಲಿಲ್ಲ. ಅವರು ಹೇಳಿದ ಮೇಲೆ ಅದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಹಮ್ ಬರೋದು ಅದೇ 50ರಲ್ಲಿ, ಜೊತೆಗೆ 100, 150ರಲ್ಲೂ. ಸಂಗೀತದ ಲೆಕ್ಕದಲ್ಲಿ ಅದು ಐದು ಮನೆ ಶ್ರುತಿಯ ಷಡ್ಜಕ್ಕಿಂತ ಎರಡು ಸ್ಥಾಯಿ ಕೆಳಗೆ, ಆದರೆ ಸ್ವಲ್ಪ ಏರಿಕೊಂಡು. ಹಾಗಾಗಿ ಐದು ಮನೆಗೆ ಹಾಡುವ ಹೆಣ್ಣುಮಕ್ಕಳ ರೆಕಾರ್ಡಿನಲ್ಲಿ ಹಮ್ ಹೇಗೋ ತಂಬೂರಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ. ಬೇರೆ ಶ್ರುತಿಯ ವೀಣೆಯಲ್ಲಿ ಸಿಕ್ಕಿಬೀಳುತ್ತದೆ. ಪ್ರೀಆಂಪ್ ಪರೀಕ್ಷೆ ಮಾಡೋರು ರಾಕ್ ರೆಕಾರ್ಡ್ ಹಾಕಿ ನೋಡಿ ಪ್ರಯೋಜನ ಇಲ್ಲ, ಸೋಲೋ ವೀಣೆ ಹಾಕಿ, ಮೀಟು ಇಳಿದು ಮೌನವಾಗುವ ಜಾಗದಲ್ಲಿ ಕಿವಿ ಇಡಿ.

ಇದರ ಜೊತೆ ಆರ್‌ಐಎಎ ಅನ್ನೋ ರೆಕಾರ್ಡ್ ಕೊರೆಯುವ ಪದ್ಧತಿಯ ಕಾಟ. ರೆಕಾರ್ಡ್ ಕೊರೆಯುವಾಗ ಕೆಳಗಿನ ಸ್ವರಗಳನ್ನು ತಗ್ಗಿಸಿರುತ್ತಾರೆ, ಪ್ರೀಆಂಪ್ ಅವನ್ನು ಮತ್ತೆ ಎತ್ತಬೇಕು. 1950ರ ದಶಕದಿಂದ ನಡೆದುಬಂದ ಪದ್ಧತಿ. 50 ಹರ್ಟ್ಜ್‌ನಲ್ಲಿ ಈ ಎತ್ತುವಿಕೆ ಸುಮಾರು 17 ಡಿಬಿ. ಅಂದರೆ 60 ಡಿಬಿ ಡಬ್ಬಿ ಹಾಡನ್ನು ಸಾವಿರ ಪಟ್ಟು ದೊಡ್ಡದು ಮಾಡಿದರೆ, ವೈರಿನೊಳಗೆ ನುಸುಳಿದ ಹಮ್ಮನ್ನು ಏಳು ಸಾವಿರ ಪಟ್ಟು ದೊಡ್ಡದು ಮಾಡುತ್ತದೆ. ಎಂಎಂನಲ್ಲಿ ಗೊತ್ತೇ ಆಗದ ಸಣ್ಣ ತಪ್ಪು ಇಲ್ಲಿ ಹಾಲ್ ಪೂರ್ತಿ ಕೇಳಿಸೋದು ಅದಕ್ಕೇ.

ತಪ್ಪು ಹುಡುಕೋಕೆ ಹೊರಟರೆ ಮನೆಯೇ ಶತ್ರು. ನನ್ನ 16 ವೋಲ್ಟಿನ ಇಟ್ಟಿಗೆ ಕಾರ್ಟ್ರಿಜ್ ವೈರಿನ ಪಕ್ಕದಲ್ಲೇ ಇತ್ತು, ಅದನ್ನು ಒಂದು ಮೀಟರ್ ದೂರ ಇಟ್ಟಾಗ ಅರ್ಧ ಹಮ್ ಹೋಯಿತು. ಟರ್ನ್‌ಟೇಬಲ್‌ನಿಂದ ಬರುವ ಸಣ್ಣ ಅರ್ತ್ ವೈರನ್ನು ಡಬ್ಬಿಯ ತಿರುಪಿಗೆ ಬಿಗಿಯಾಗಿ ಕಟ್ಟಿದಾಗ ಇನ್ನಷ್ಟು. ಉಳಿದದ್ದು ಹಮ್ ಅಲ್ಲ, ಜರ್ ಅನ್ನೋ ಸದ್ದು, ಅದು ಬರ್ತಾ ಹೋಗ್ತಾ ಇತ್ತು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಫ್ಯಾನಿನ ತಿರುಗಿಸೋ ರೆಗ್ಯುಲೇಟರ್. ಪೂರ್ತಿ ಜೋರಾಗಿಟ್ಟರೆ ಸದ್ದಿಲ್ಲ, ಪೂರ್ತಿ ಆರಿಸಿದರೂ ಇಲ್ಲ, ಮಧ್ಯದಲ್ಲಿಟ್ಟರೆ ಜರ್. ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಥರದ್ದು ಹಾಕಿಸಿದೆ. ಲಕ್ಷದ ಕೇಬಲ್ ಮಾಡದ ಉಪಕಾರವನ್ನು ಅವರು ಇನ್ನೂರೈವತ್ತು ರೂಪಾಯಿಗೆ ಮಾಡಿಕೊಟ್ಟು ಹೋದರು.

ಇಷ್ಟೆಲ್ಲ ಆದಮೇಲೂ ಹಿಸ್ ಉಳಿಯಿತು. ಜೋರೇನಲ್ಲ. ಬೇಸಿಗೆಯಲ್ಲಿ ಫ್ಯಾನ್ ತಿರುಗುವಾಗ ಕೇಳೋದೇ ಇಲ್ಲ, ಡಿಸೆಂಬರ್‌ನಲ್ಲಿ ಫ್ಯಾನ್ ಆರಿಸಿ ರಾತ್ರಿ ಕೂತರೆ ಹಾಡುಗಳ ನಡುವೆ ಕೇಳಿಸುತ್ತದೆ. ಕಡಿಮೆ ಬೆಲೆಯ ಡಬ್ಬಿಯಲ್ಲಿ 60 ಡಿಬಿ ಕೊಡೋದು ಸುಲಭ, ಅದನ್ನು ಸದ್ದಿಲ್ಲದೆ ಕೊಡೋದು ಕಷ್ಟ. ಬರೀ ಗೇನ್ ನಂಬರ್ ನೋಡಿ ಕೊಂಡರೆ ಮೋಸ ಹೋಗೋದು ಇಲ್ಲೇ.

ಟ್ರಾನ್ಸ್‌ಫಾರ್ಮರ್ ಯೋಚನೆ ಬಂದದ್ದು ಆಗ. ಎಯು-300ಎಲ್‌ಸಿ 40 ಓಮ್ ಕಾರ್ಟ್ರಿಜ್‌ಗಾಗಿಯೇ ಮಾಡಿದ್ದು, ಹೆಚ್ಚಿಸೋದು ಹತ್ತು ಪಟ್ಟು. ಹಳೇದೊಂದು ಜಪಾನಿನಿಂದ ಪರಿಚಯದವರ ಕೈಲಿ ಬಂತು. ಒಳಗೆ ತಾಮ್ರದ ತಂತಿ, ನಡುವೆ ಲೋಹದ ಕೋರ್, ಅಷ್ಟೇ. ಟ್ರಾನ್ಸಿಸ್ಟರ್ ಇಲ್ಲ, ಹಾಗಾಗಿ ಅದರ ಹಿಸ್ ಕೂಡ ಇಲ್ಲ. 0.3 ಮಿಲಿವೋಲ್ಟ್ ಒಳಗೆ ಹೋಗಿ ಸುಮಾರು 2.8 ಆಗಿ ಹೊರಬರುತ್ತದೆ, ಅಲ್ಲಿಂದ ಮುಂದಕ್ಕೆ ಅದು ಮಾಮೂಲಿ ಎಂಎಂ ಕಾರ್ಟ್ರಿಜ್ ಇದ್ದ ಹಾಗೆ. ಲೋಡ್ ಸ್ವಿಚ್ಚೂ ಬೇಡ: ಎಂಎಂ ಇನ್‌ಪುಟ್ಟಿನ 47,000 ಓಮ್ ಅನ್ನು ಹತ್ತರ ವರ್ಗದಿಂದ, ಅಂದರೆ ನೂರರಿಂದ ಭಾಗಿಸಿ, ಕಾರ್ಟ್ರಿಜ್‌ಗೆ ಕಾಣೋದು 470 ಓಮ್. ಮೀಟಿದ ತಂತಿಯ ಸದ್ದು ಕರಗುತ್ತಾ ಹೋಗಿ ಆಮೇಲೆ ರೆಕಾರ್ಡಿನ ಚಿಟಪಟ ಒಂದೇ ಉಳಿಯುತ್ತದೆ. ನಾನು ಇಷ್ಟು ದಿನ ಕಾಯ್ತಿದ್ದದ್ದು ಇದಕ್ಕೇ.

ಇಲ್ಲೊಂದು ಮಾತು. ಹತ್ತು ಪಟ್ಟೇ ಇಷ್ಟು ಚೆನ್ನಾಗಿದ್ದರೆ ನಲವತ್ತು ಪಟ್ಟಿನದು ಇನ್ನೂ ಚೆನ್ನ ಅಲ್ವಾ ಅಂತ ಒಬ್ಬ ಗೆಳೆಯ ಕೇಳಿದ. ಅಲ್ಲ. 1:40ರದ್ದು ಕಟ್ಟಿದರೆ ಕಾರ್ಟ್ರಿಜ್‌ಗೆ ಕಾಣೋದು ಬರೀ 29 ಓಮ್, 40 ಓಮ್ ಸುರುಳಿ ಅದರ ಭಾರಕ್ಕೆ ಕುಸಿಯುತ್ತದೆ. ಲೆಕ್ಕ ಹಾಕಿದರೆ 1:30ರದ್ದಕ್ಕಿಂತ ಒಂದು ಹನಿಯೂ ಜಾಸ್ತಿ ಸಿಗಲ್ಲ. ಅಂಥವು ಒರ್ಟೋಫೋನ್ ಎಸ್‌ಪಿಯು ಥರದ, 2 ಓಮ್ ಆಸುಪಾಸಿನ ಕಾರ್ಟ್ರಿಜ್‌ಗಳಿಗೆ. ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಮೊದಲು ಕಾರ್ಟ್ರಿಜ್‌ನ ಓಮ್ ನೋಡಿ, ಆಮೇಲೆ ಪಟ್ಟು. ಟ್ರಾನ್ಸ್‌ಫಾರ್ಮರಿನಿಂದ ಆಂಪ್‌ಗೆ ಹೋಗುವ ವೈರು ಗಿಡ್ಡವಿರಲಿ, ನನ್ನದು ಅರ್ಧ ಮೀಟರ್.

ಟ್ರಾನ್ಸ್‌ಫಾರ್ಮರ್ ಅನ್ನೋ ಜಾತಿಗೇ ಒಂದು ಗುಣ ಇದೆ, ಸುತ್ತಲಿನ ಹಮ್ಮನ್ನು ಹೀರಿಕೊಳ್ಳೋದು. ಮೊದಲ ದಿನ ಆಂಪ್ ಮೇಲೇ ಇಟ್ಟೆ, ಹಮ್ ಮೊದಲಿಗಿಂತ ಜಾಸ್ತಿ. ಹೊಟ್ಟೆ ಉರಿಯಿತು. ಆಮೇಲೆ ವಾಲ್ಯೂಮ್ ಏರಿಸಿ, ಡಬ್ಬಿ ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸ್ತಾ ಹೋದೆ, ಹಿಂದೆ ಟ್ರಾನ್ಸಿಸ್ಟರ್‌ನಲ್ಲಿ ಸ್ಟೇಷನ್ ಸಿಗಲು ರೇಡಿಯೋವನ್ನೇ ಆ ಕಡೆ ಈ ಕಡೆ ತಿರುಗಿಸ್ತಿದ್ವಲ್ಲ, ಹಾಗೆ. ಒಂದು ಕೋನದಲ್ಲಿ ಹಮ್ ಮುಳುಗಿಹೋಯಿತು. ಅಲ್ಲೇ, ಅದೇ ಕೋನದಲ್ಲಿ, ಶೆಲ್ಫಿನ ಎಡತುದಿಯಲ್ಲಿ ಕೂತಿದೆ, ಗೋಡೆಗೆ ಓರೆಯಾಗಿ. ಧೂಳು ಒರೆಸುವವರು ಪ್ರತಿ ವಾರ ಅದನ್ನು ನೆಟ್ಟಗೆ ಮಾಡಿಡುತ್ತಾರೆ, ನಾನು ಪ್ರತಿ ವಾರ ಓರೆ ಮಾಡುತ್ತೇನೆ. ಈಗ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿದ್ದೇನೆ.

ಯಾರಿಗೆ ಬೇಡ ಅಂತಲೂ ಹೇಳಬೇಕು. ಆಂಪ್‌ನಲ್ಲಿ ಒಳ್ಳೇ ಎಂಎಂ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ತಗೊಂಡು ಪ್ರಯೋಜನ ಇಲ್ಲ, ಎರಡೂ ಕೊಳ್ಳೋ ದುಡ್ಡಿಗೆ ಒಂದು ಒಳ್ಳೇ ಎಂಸಿ ಪ್ರೀಆಂಪ್ ಬರುತ್ತದೆ. ಆಗಾಗ ಕಾರ್ಟ್ರಿಜ್ ಬದಲಾಯಿಸೋ ಚಟ ಇದ್ದವರಿಗೂ ಸ್ವಿಚ್ ಇರೋ ಡಬ್ಬಿಯೇ ಸರಿ. ನನಗೆ ಆ ಚಟ ಇಲ್ಲ, ಡಿಎಲ್-103 ಸವೆದರೆ ಇನ್ನೊಂದು ಡಿಎಲ್-103 ತರೋದು. ಎರಡನೇ ಡಬ್ಬಿ ಈಗ ಗೆಳೆಯನ ಮನೆಯಲ್ಲಿದೆ, ಇಟ್ಟಿಗೆ ಸಮೇತ, ಅವನಿಗೆ ಯಾವ ಹಿಸ್ಸೂ ಕೇಳಿಸೋದಿಲ್ಲವಂತೆ. ವರ್ಷಪೂರ್ತಿ ಫ್ಯಾನ್ ಹಾಕ್ತಾನೆ.

ಒಂದು ಕಾಟ ಮಾತ್ರ ಇನ್ನೂ ಇದೆ. ಕರೆಂಟ್ ಹೋಗಿ ಮನೆ ಯುಪಿಎಸ್ ಶುರುವಾದರೆ ಸ್ಪೀಕರಿನಲ್ಲಿ ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಗುತ್ತದೆ. ಇದಕ್ಕೆ ಮದ್ದು ಹುಡುಕೋದು ಬಿಟ್ಟಿದ್ದೇನೆ. ಅಷ್ಟು ಹೊತ್ತು ಸೂಜಿ ಎತ್ತಿಟ್ಟು ಇಬ್ಬರೂ ಕಾಫಿ ಕುಡೀತೀವಿ. ಲೋಟ ಮಾತ್ರ ಅಮ್ಮ ಈಗ ಟೀಪಾಯಿ ಮೇಲೇ ಇಟ್ಟುಕೊಳ್ಳುತ್ತಾರೆ.