ಪ್ಲಾಸ್ಟಿಕ್ ಹುಲ್ಲಿಗೆ ತೇಪೆ ಹಾಕಿಸಿದೆವು: ಒಂದು ಮಳೆಗಾಲ ಕಳೆದ ಮೇಲೆ ಬರೆದದ್ದು

ಕೊಡಗಿನಲ್ಲಿದ್ದುಕೊಂಡು ಪ್ಲಾಸ್ಟಿಕ್ ಹುಲ್ಲಾ ಅಂತ ಬಂದವರೆಲ್ಲ ನಗುತ್ತಾರೆ. ನಗಲಿ ಬಿಡಿ. ಮಡಿಕೇರಿ ಕಡೆಯ ಮಳೆಗಾಲದಲ್ಲಿ ಎರಡು ನಾಯಿ ಓಡಾಡುವ ಅಂಗಳದಲ್ಲಿ ಹುಲ್ಲು ಉಳಿಯುವುದಿಲ್ಲ, ಕೆಸರು ಉಳಿಯುತ್ತದೆ. ಕೆಸರಿನ ಜೊತೆ ನಾಯಿ ಕಾಲಿಗೆ ಕಚ್ಚಿಕೊಂಡು ಜಿಗಣೆಯೂ ಒಳಗೆ ಬರುತ್ತದೆ. ನಮ್ಮದು ಹೋಂಸ್ಟೇ. ಬಿಳಿ ಬೆಡ್‌ಶೀಟ್ ಮೇಲೆ ಜಿಗಣೆ ಕಂಡವರು ಇನ್ನೊಂದು ಸಲ ಬರುತ್ತಾರಾ? ಅದಕ್ಕೇ ನಾಲ್ಕು ವರ್ಷದ ಹಿಂದೆ, ಬಳಸದೆ ಬಿದ್ದಿದ್ದ ಹಳೆಯ ಕಾಫಿ ಕಣದ ಸಿಮೆಂಟಿನ ಮೇಲೆ 35 ಮಿಲಿಮೀಟರ್ ಎತ್ತರದ ಎಸಳಿನ ಪ್ಲಾಸ್ಟಿಕ್ ಹುಲ್ಲು ಹಾಸಿಸಿದೆವು.

ಮೂರನೇ ವರ್ಷಕ್ಕೆ ಅದರ ಅವತಾರ ನೋಡಬೇಕಿತ್ತು. ರಸ್ತೆಯಲ್ಲಿ ಜೀಪ್ ಹೋದಾಗಲೆಲ್ಲ ನಮ್ಮ ಲ್ಯಾಬ್ರಡಾರ್ ರೂಬಿ ಗೇಟಿನ ಉದ್ದಕ್ಕೂ ಓಡಿ ಓಡಿ, ಒಂದಡಿ ಅಗಲದ ಬೋಳು ದಾರಿ ಮಾಡಿದ್ದಳು. ಇನ್ನೊಂದು ನಾಟಿ ನಾಯಿ, ಹೆಸರು ಕರಿಯ, ಅವನ ಕೆಲಸ ಬೇರೆ. ಎರಡು ಹಾಸು ಸೇರುವ ಜಾಯಿಂಟ್ ಎಲ್ಲಿ ಸಡಿಲ ಅಂತ ಹುಡುಕಿ, ಉಗುರು ಹಾಕಿ ಮೂರಡಿ ಎಬ್ಬಿಸಿದ್ದ. ಇದರ ಮೇಲೆ ವಾಸನೆ. ಬಿಸಿಲು ಬಂದ ದಿನ ಜಗಲಿಯಲ್ಲಿ ಕೂತು ಕಾಫಿ ಕುಡಿಯಲು ಆಗುತ್ತಿರಲಿಲ್ಲ.

ಹಾಸಿದವರಿಗೆ ಫೋನ್ ಮಾಡಿದರೆ, ರಿಪೇರಿ ಎಲ್ಲ ಆಗಲ್ಲ, ಪೂರ್ತಿ ಕಿತ್ತು ಹೊಸದು ಹಾಕಬೇಕು, 42 ಸಾವಿರ ಅಂದರು. ಯಜಮಾನರು ಫೋನ್ ಇಟ್ಟುಬಿಟ್ಟರು. ಆಮೇಲೆ ಪರಿಚಯದವರೊಬ್ಬರು ಕುಶಾಲನಗರದಿಂದ ಒಬ್ಬ ರಿಪೇರಿಯವರನ್ನು ಕಳಿಸಿದರು. ಈ ಬರಹ ಅವರ ಕೆಲಸದ ಬಗ್ಗೆ.

ಮೊದಲ ಸಲ ಅಕ್ಟೋಬರ್‌ನಲ್ಲಿ ಬಂದರು. ಹುಲ್ಲಿನ ಅಂಚು ಎತ್ತಿ ಕೆಳಗೆ ಕೈ ಹಾಕಿ, "ಅಮ್ಮಾ, ಅಡಿ ಒಣಗಿಲ್ಲ. ಈಗ ಅಂಟು ಹಾಕಿದರೆ ನಿಮ್ಮ ನಾಯಿ ಬೇಡ, ನಾನೇ ಎರಡು ಬೆರಳಲ್ಲಿ ಕೀಳ್ತೀನಿ" ಅಂದು ವಾಪಸ್ ಹೋದರು. ಬಂದ ಖರ್ಚಿಗೆ 500 ತಗೊಂಡರು. ಆಗ ನನಗೆ ಸಿಟ್ಟು ಬಂದಿತ್ತು. ಹುತ್ತರಿ ಮುಗಿದು, ಒಂದು ವಾರ ಒಳ್ಳೆ ಬಿಸಿಲು ಬಿದ್ದ ಮೇಲೆ ಮತ್ತೆ ಬಂದರು.

ನನಗೆ ತುಂಬ ಹಿಡಿಸಿದ್ದು ಅವರು ತೇಪೆಯ ತುಂಡು ತೆಗೆದ ಜಾಗ. ಹೊಸ ಹುಲ್ಲು ತರಲೇ ಇಲ್ಲ. ಮೂರು ವರ್ಷ ಬಿಸಿಲು ಮಳೆ ಕಂಡು ಬಣ್ಣ ಮಾಸಿದ ಹುಲ್ಲಿನ ನಡುವೆ ಹೊಸ ತುಂಡು ಹಾಕಿದರೆ ಹಳೇ ಪಂಚೆಗೆ ಹೊಸ ತೇಪೆ ಹಾಕಿದಂತೆ ಎದ್ದು ಕಾಣುತ್ತದಲ್ವಾ? ನೀರಿನ ಟ್ಯಾಂಕಿನ ಹಿಂದೆ, ಯಾರೂ ಹೋಗದ ಮೂಲೆಯಿಂದ ಅಷ್ಟುದ್ದ ಕತ್ತರಿಸಿ ತಂದರು. ಹುಲ್ಲನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಕಾಣುವ ಎರಡು ಹೊಲಿಗೆ ಸಾಲಿನ ನಡುವೆ ಕಟರ್ ಓಡಿಸಿದರು. ಮೇಲಿನಿಂದ ಕತ್ತರಿಸಿದರೆ ಎಸಳೂ ತುಂಡಾಗುತ್ತದಂತೆ. ತುಂಡನ್ನು ಕೂರಿಸುವ ಮೊದಲು ಮಖಮಲ್ ಬಟ್ಟೆ ಸವರುವಂತೆ ಅಂಗೈಯಾಡಿಸಿ, ಎಸಳು ಯಾವ ಕಡೆ ಬಾಗಿದೆ ಅಂತ ನೋಡಿದರು. ಒಂದು ಸಲ ತಿರುಗಿಸಿದರು. ಕೆಳಗೆ ಟೇಪ್, ಅದರ ಮೇಲೆ ಅಂಟು, ಆಮೇಲೆ ಜಾಯಿಂಟಿಗೆ ಸಿಕ್ಕಿಕೊಂಡ ಎಸಳುಗಳನ್ನು ಒಂದೊಂದಾಗಿ ಸ್ಕ್ರೂಡ್ರೈವರ್ ತುದಿಯಲ್ಲಿ ಎಬ್ಬಿಸಿದರು. ಭಾರಕ್ಕೆ ನಮ್ಮ ಕಾಫಿ ಮೂಟೆಗಳನ್ನೇ ಸಾಲಾಗಿ ಇಟ್ಟೆವು. ಒಂದು ದಿನ ಪೂರ್ತಿ ನಾಯಿಗಳನ್ನು ಕಟ್ಟಿ ಹಾಕಬೇಕಾಯಿತು. ರೂಬಿ ಊಳಿಟ್ಟ ಪರಿಗೆ ಮೇಲಿನ ತೋಟದವರು ಏನಾಯಿತು ಅಂತ ಕೇಳಿಕೊಂಡು ಬಂದರು.

ವಾಸನೆಯ ಗುಟ್ಟು ಗೊತ್ತಾಗಿದ್ದೂ ಆವತ್ತೇ. ಹಾಸಿದವರು ನಾಲ್ಕೂ ಕಡೆ ಅಂಚಿಗೆ ಅಂಟು ಬಳಿದಿದ್ದರು, ಕಣ ಇಳಿಜಾರಿರುವ ಕಡೆಗೂ. ಹುಲ್ಲಿನ ತೂತುಗಳಿಂದ ಇಳಿದ ಮೂತ್ರ, ಮಳೆ ನೀರು ಹೋಗುವುದಾದರೂ ಎಲ್ಲಿಗೆ? ಅಡಿಯಲ್ಲೇ ನಿಂತು ಅಮೋನಿಯಾ ಆಗುತ್ತಿತ್ತು. ಆ ಒಂದು ಅಂಚನ್ನು ಬಿಡಿಸಿ, ಅಲ್ಲಲ್ಲಿ ಮೊಳೆ ಮಾತ್ರ ಹೊಡೆದರು. ಎಸಳಿನ ಬುಡದಲ್ಲಿ ಗಟ್ಟಿಯಾಗಿದ್ದ ಮರಳು, ನಾಯಿ ಕೂದಲು ಎಲ್ಲ ಬಾಚಿ ತೆಗೆದು, ಮೀನು ಕೆರೆಗೆ ಹಾಕುವ ಜಿಯೋಲೈಟ್ ಅನ್ನುವ ಖನಿಜ ಉದುರಿಸಿದರು. ಅದು ಅಮೋನಿಯಾ ಹೀರಿಕೊಳ್ಳುತ್ತದೆ. ನಾನು ಅಲ್ಲಿಯವರೆಗೆ ವಾಸನೆಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದೆ. ಅದು ಕೇಳಿ ಅವರು ಗದರಿದರು. ಮೂತ್ರದ ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ವಿಷದ ಗಾಳಿ ಏಳುತ್ತದೆ. ನಾಯಿ ಇರುವವರು ದಯವಿಟ್ಟು ಆ ಕೆಲಸ ಮಾಡಬೇಡಿ.

ಒಟ್ಟು ಬಿಲ್ 4,800 ರೂಪಾಯಿ, ಆ 500 ಸೇರಿ.

ಈಗ ಒಂದು ಮಳೆಗಾಲ ಕಳೆದಿದೆ. ಕರಿಯ ಎಬ್ಬಿಸಿದ್ದ ಜಾಯಿಂಟ್ ಕದಲಿಲ್ಲ. ಅವನು ಪ್ರಯತ್ನ ಬಿಟ್ಟಿಲ್ಲ, ಅದು ಬೇರೆ ಮಾತು. ವಾಸನೆ ಮುಕ್ಕಾಲು ಪಾಲು ಹೋಗಿದೆ. ಬಿಸಿಲಿನ ದಿನ ಪೈಪ್ ಹಿಡಿದು ತೊಳೆಯುವುದು ತಪ್ಪಿಲ್ಲ. ಜೂನ್‌ನಲ್ಲಿ ಒಂದು ಮೂಲೆ ಬೆರಳುದ್ದ ಎದ್ದಿತು. ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ನಾಲ್ಕನೇ ದಿನ ಅವರೇ ಮಾಡಿ, ಮಳೆ ನಿಲ್ಲುವವರೆಗೆ ಮೇಲೊಂದು ಕಲ್ಲಿಡಿ ಅಂದರು. ಕಲ್ಲು ಇನ್ನೂ ಅಲ್ಲೇ ಇದೆ. ಇದಕ್ಕೆ ಮಾತ್ರ ನಾನು ಮಾರ್ಕ್ಸ್ ಕಳೆಯುತ್ತೇನೆ.

ಗೇಟಿನ ಹತ್ತಿರದ ತೇಪೆ? ಅಲ್ಲಿ ಹುಲ್ಲು ಬೇಡ, ಚಪ್ಪಡಿ ಕಲ್ಲು ಹಾಕಿಸಿ ಅಂತ ಅವರು ಆವತ್ತೇ ಹೇಳಿದ್ದರು. ಚೆಂದ ಕಾಣಲ್ಲ ಅಂತ ನಾನೇ ಹಟ ಹಿಡಿದೆ. ಈಗ ಆ ಎಸಳುಗಳೆಲ್ಲ ಮಲಗಿವೆ, ನಡುವೆ ತೆಳ್ಳಗೆ ದಾರಿ ಮೂಡಿದೆ. ಯಜಮಾನರು ಎಂಟು ಚಪ್ಪಡಿ ತರಿಸಿ ಗೇಟಿನ ಪಕ್ಕ ಒರಗಿಸಿಟ್ಟಿದ್ದಾರೆ. ರೂಬಿ ಸದ್ಯಕ್ಕೆ ಅವುಗಳ ನೆರಳಲ್ಲಿ ಮಲಗುತ್ತಾಳೆ, ಮುಂದಿನ ಜೀಪ್ ಬರುವವರೆಗೆ.